ಬೋಣಿ ಗಿರಾಕಿ

“ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುದಾ?”

ಅಸ್ಕರನ ದನಿ ಸುಹಾನಾಳ ಕಿವಿಗೆ ಮೊದಲ ಸಲ ಬಿದ್ದದ್ದು ಹೀಗೆ. ಸಲಾಮ್ ಇಲ್ಲ, ನಿಮ್ಮ ಹೆಸರೇನು ಅಂತ ಇಲ್ಲ... ನೇರ ಬೈಗುಳವೇ!

ಅದು ಅವಳ ಕೆಲಸದ ಮೊದಲ ದಿನ. ಪುತ್ತೂರಿನ ಮುಖ್ಯರಸ್ತೆಯಲ್ಲಿರುವ ಹಂಝ ಹಾಜಿಯವರ ಬಟ್ಟೆ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಹಚ್ಚಿಟ್ಟ ಊದಿನಕಡ್ಡಿ ಇನ್ನೂ ಅರ್ಧ ಉರಿದಿರಲಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಮುಂದೆ ಕಿಸೆ ಇರುವ ನೈಟಿ ಉಂಟಾ ಎಂದು ಕೇಳಿದ್ದರು. ಎಲೆಯಡಿಕೆ, ಬಸ್ಸಿನ ಚಿಲ್ಲರೆ ಎಲ್ಲ ಇಟ್ಟುಕೊಳ್ಳಲು ಅವರಿಗೆ ಕಿಸೆ ಬೇಕೇ ಬೇಕಂತೆ.

ಸುಹಾನಾ ಕಪಾಟೆಲ್ಲ ಹುಡುಕಿದಳು. ಇರಲಿಲ್ಲ. ಎದುರಿನ ಅಂಗಡಿಯಲ್ಲಿ ಅಂಥದ್ದೇ ಒಂದು ನೇತಾಡುತ್ತಿದ್ದದ್ದನ್ನು ಅವಳು ಬರುವಾಗ ನೋಡಿದ್ದಳು. ಹಾಗೆಂದು ಹೇಳಿ, ರಸ್ತೆ ದಾಟುವಾಗ ನಿಧಾನ ಅಜ್ಜಿ ಎಂದು ಕಾಳಜಿಯನ್ನೂ ಸೇರಿಸಿ ಕಳುಹಿಸಿಕೊಟ್ಟಳು. ಮೊದಲ ದಿನವೇ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಮನಸ್ಸಿಗೆ ಖುಷಿಯೂ ಆಗಿತ್ತು.

ಅಷ್ಟರಲ್ಲಿ ಸೀರೆಗಳ ಕಡೆಯಿಂದ ಒಬ್ಬ ಯುವಕ, ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿದ್ದಂತೆ, ರಸ್ತೆಗೆ ಓಡಿದ. ಆಚೆ ಬದಿಗೆ ಕಾಲಿಡಲಿದ್ದ ಅಜ್ಜಿಯನ್ನು ನಯವಾಗಿ ಮಾತನಾಡಿಸಿ ವಾಪಸು ಕರೆತಂದ. ಒಂದು ಕರ್ಚೀಫು ಕೈಗಿಟ್ಟು, ಅವರು ಕೊಟ್ಟಷ್ಟನ್ನು “ಬಿಸ್ಮಿಲ್ಲಾ” ಎಂದು ಗಲ್ಲಾಕ್ಕೆ ಹಾಕಿ, ಮತ್ತೆ ತಾನೇ ಅವರನ್ನು ಎದುರಿನ ಅಂಗಡಿಯವರೆಗೆ ದಾಟಿಸಿ ಬಂದ. ಬಂದವನು ಕೇಳಿದ ಪ್ರಶ್ನೆಯೇ ಮೇಲಿನದು.

ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಸುಹಾನಾ ತಗ್ಗಿಸಲಿಲ್ಲ.

“ಬೇಕಾದ್ದು ಎಲ್ಲಿ ಉಂಟು ಅಂತ ಹೇಳಿದ್ದು ತಪ್ಪಾ? ಬೇಡದ ಕರ್ಚೀಫು ಕಟ್ಟಿ ಕಳಿಸಿದ್ದು ಸರಿಯಾ?”

ಅಸ್ಕರ್ ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡ. ಕಾಲೇಜು ಮೆಟ್ಟಿಲು ಹತ್ತದೆ ನೇರ ಈ ಅಂಗಡಿಯ ಮೆಟ್ಟಿಲು ಹತ್ತಿದವನು ಅವನು. ಇಷ್ಟು ವರ್ಷಗಳಲ್ಲಿ ಬೋಣಿಯ ವಿಷಯದಲ್ಲಿ ಸರಿ ತಪ್ಪು ಕೇಳಿದವರು ಒಬ್ಬರೂ ಇರಲಿಲ್ಲ. ದಿನದ ಮೊದಲ ವ್ಯಾಪಾರ ಬೋಣಿ. ಆ ಗಿರಾಕಿಯ ಕೈಗೆ ಒಂದು ಸೂಜಿಯನ್ನಾದರೂ ಕೊಟ್ಟೇ ಕಳುಹಿಸಬೇಕು. ಬರಿಗೈಯಲ್ಲಿ ಹೋದರೆ ಅಂಗಡಿಗೆ ಆ ದಿನವಿಡೀ ಬರಿಗೈ. ಧಣಿಗಳು ಹೇಳಿಕೊಟ್ಟದ್ದು ಅಷ್ಟೇ. ಅದನ್ನೇ ಅವನು ಅವಳಿಗೂ ಹೇಳಿದ.

ಹೇಳುವಾಗ ದನಿ ಮೆತ್ತಗಾಗಿತ್ತು. ಅದೇಕೆ ಎಂದು ಅವನಿಗೂ ತಿಳಿಯಲಿಲ್ಲ, ಪಾಪ.

ಈಗ ನೆನೆದರೆ ಸುಹಾನಾಗೆ ನಗು ಬರುತ್ತದೆ. ಎಂಥ ಗತ್ತಿನ ಮನುಷ್ಯ ಅಂದುಕೊಂಡಿದ್ದಳು! ಹೊಸ ಬಟ್ಟೆಯ ಗಂಜಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಮೊದಲು ನೆನಪಾಗುವುದು ಕೊರಳಲ್ಲಿ ಟೇಪು ನೇತುಹಾಕಿಕೊಂಡು ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸಿದ ಆ ಬೆನ್ನು.

* * *

ಸುಹಾನಾ ಬೆಳ್ಳಾರೆಯವಳು. ತಂದೆ ಸೌದಿಯಲ್ಲಿ ಡ್ರೈವರ್, ತಾಯಿ ನೆಬೀಸ ಮನೆಯಲ್ಲೇ ಬಟ್ಟೆ ಹೊಲಿಯುವವರು. ಬಿಕಾಂ ಮುಗಿಸಿದ ಮಗಳು ಒಂದು ವರ್ಷವಾದರೂ ಹೊರಗಿನ ಗಾಳಿ ಕುಡಿಯಲಿ ಎಂದು ತಾಯಿಯೇ ಹಟ ಹಿಡಿದು ಕಳುಹಿಸಿದ್ದರು. ದಿನವೂ ಕುಂಬ್ರದ ದಾರಿಯಾಗಿ ಬಸ್ಸಿನಲ್ಲಿ ಬಂದು, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದಳು.

ಧಣಿ ಹಂಝ ಹಾಜಿ ಕೆಟ್ಟವರಲ್ಲ. ಪ್ರಾಯದಲ್ಲಿ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಕಡಬ, ಪಂಜದ ಕಡೆಯೆಲ್ಲ ಮನೆಮನೆ ತಿರುಗಿ, ಆಮೇಲೆ ಈ ಅಂಗಡಿ ಕಟ್ಟಿದವರು. ನಿಂತು ದುಡಿದರೆ ಮಾತ್ರ ಬರಕತ್ತು, ಏಳಿಗೆ ಎಂಬುದು ಅವರ ನಂಬಿಕೆ. ಹಾಗಾಗಿ ಗಿರಾಕಿಗಳಿಗೆ ಕುರ್ಚಿ ಇತ್ತು. ಬಟ್ಟೆ ಬಿಡಿಸಿ ತೋರಿಸುವ ಹುಡುಗಿಯರಿಗೆ ಇರಲಿಲ್ಲ. ಬೆಳಿಗ್ಗೆ ನಿಂತರೆ ಮತ್ತೆ ಕೂರುವುದು ಸಂಜೆಯ ಬಸ್ಸಿನಲ್ಲಿ, ಅದೂ ಸೀಟು ಸಿಕ್ಕಿದರೆ.

ಸುಹಾನಾ ಬಂದ ಮೇಲೆ ಅಂಗಡಿ ಒಂದಿಷ್ಟು ಬದಲಾದದ್ದು ನಿಜ. ಹೊಸ ಮಾಲು ಬಂದ ಕೂಡಲೇ ಫೋನಿನಲ್ಲಿ ಚಿತ್ರ ಹಿಡಿದು ಸ್ಟೇಟಸ್ ಹಾಕುತ್ತಿದ್ದಳು. ಸುಳ್ಯದಿಂದ, ಉಪ್ಪಿನಂಗಡಿಯಿಂದ ಹೆಂಗಸರು ಅದೇ ಚಿತ್ರ ತೋರಿಸಿಕೊಂಡು ಬರತೊಡಗಿದರು. ಆ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಗಿರಾಕಿಯ ಮುಖಕ್ಕೇ ಹೇಳುತ್ತಿದ್ದಳು. ಅವರು ಸಿಟ್ಟಾಗುವ ಬದಲು ಮುಂದಿನ ಸಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಾಜಿಯವರಿಗೆ ಇದೆಲ್ಲ ಹಿಡಿಸಿತ್ತು. ಹಿಡಿಸದೆ ಇದ್ದದ್ದು ಅವಳ ‘ಯಾಕೆ’ ಮಾತ್ರ.

“ನಿಮ್ಮ ಪ್ರಾಯದವರು ಕೆಲಸಕ್ಕೆ ಬರುವಾಗ ಬುತ್ತಿಯೊಟ್ಟಿಗೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಂಡೇ ಬರುದು ಮಾರಾಯ್ತಿ,” ಎನ್ನುತ್ತಿದ್ದರು ಅವರು.

ಮಕ್ಕಳ ಬಟ್ಟೆಯ ಕಡೆ ನಿಲ್ಲುತ್ತಿದ್ದವರು ಪಂಜದ ಗೋದಾವರಿಯಕ್ಕ. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬರು. ಮಧ್ಯಾಹ್ನದ ಹೊತ್ತಿಗೆ ಅವರ ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಅದನ್ನು ಎಲ್ಲರೂ ನೋಡಿದ್ದರು, ಎಲ್ಲರಿಗೂ ಅಭ್ಯಾಸವಾಗಿತ್ತು. ಅಭ್ಯಾಸವಾಗದವಳು ಸುಹಾನಾ ಒಬ್ಬಳೇ.

ಹಾಜಿಯವರು ಮಧ್ಯಾಹ್ನದ ನಮಾಜಿಗೆ ಹಿಂದಿನ ಬೀದಿಯ ಮಸೀದಿಗೆ ಹೋದ ಕೂಡಲೇ ಅವಳು ಗೋದಾವರಿಯಕ್ಕನನ್ನು ಕೈಹಿಡಿದು ಕರೆದೊಯ್ದು, ಕಪಾಟಿನ ಹಿಂದೆ ಬಿಚ್ಚದೆ ಇಟ್ಟಿದ್ದ ಬಟ್ಟೆಯ ಗಂಟುಗಳ ಮೇಲೆ ಕೂರಿಸತೊಡಗಿದಳು. ತಾನೂ ಕೂರುತ್ತಿದ್ದಳು. ಉಳಿದ ಹುಡುಗಿಯರೂ ಸರದಿಯಲ್ಲಿ ಬರುತ್ತಿದ್ದರು.

ಮೊದಲ ವಾರವೇ ಒಂದು ಕೆಮ್ಮು ಕೇಳಿಸಿತು.

ಬಾಗಿಲ ಬಳಿ ನಿಂತಿದ್ದ ಅಸ್ಕರ್ ಗಂಟಲು ಕೆರೆದುಕೊಳ್ಳುವಂತೆ ಕೆಮ್ಮಿದ್ದ. ಹುಡುಗಿಯರು ಧಡಕ್ಕನೆ ಎದ್ದು ಜಾಗಕ್ಕೆ ಬಂದರು. ಮರುಕ್ಷಣ ಹಾಜಿಯವರು ಮೆಟ್ಟಿಲ ಮೇಲಿದ್ದರು!

ಮಾರನೆಯ ದಿನವೂ ಅದೇ ಕೆಮ್ಮು. ಅದರ ಮಾರನೆಯ ದಿನವೂ. ಧಣಿಗಳು ಮಸೀದಿಯಿಂದ ಬಂದ ಮೇಲೆ ತಾನು ನಮಾಜಿಗೆ ಹೋಗುವಂತೆ ಅವನು ಹೊತ್ತು ಬದಲಿಸಿಕೊಂಡಿದ್ದ. ಯಾರೂ ಕೇಳಿಕೊಂಡಿರಲಿಲ್ಲ, ಅವನೂ ಯಾರಿಗೂ ಹೇಳಲಿಲ್ಲ. ಉಳಿದ ಹುಡುಗಿಯರು ಅವನನ್ನು ಅಸ್ಕರಾಕ ಎಂದು ಅಣ್ಣನ ಲೆಕ್ಕದಲ್ಲಿ ಕರೆಯುತ್ತಿದ್ದರು. ಸುಹಾನಾ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಹಾಗೆಂದು ಬೇರೇನೂ ಕರೆಯುತ್ತಿರಲಿಲ್ಲ.

‘ಕೆಮ್ಮಿನ ಔಷಧಿ ಬೇಕಾ?’ ಎಂದು ಒಂದು ದಿನ ಅವಳು ಮೆಸೇಜು ಕಳುಹಿಸಿದಳು. ‘ಬೇಡ, ಗುಣವಾದರೆ ನಿಮಗೇ ಕಷ್ಟ’ ಎಂದು ಉತ್ತರ ಬಂತು. ಬಸ್ಸಿನಲ್ಲಿ ಕಿಟಕಿಯ ಬದಿ ಕೂತವಳು ಕುಂಬ್ರ ದಾಟುವವರೆಗೂ ಒಬ್ಬಳೇ ನಗುತ್ತಿದ್ದಳು. ಪಕ್ಕದ ಹೆಂಗಸು ಎರಡು ಸಲ ತಿರುಗಿ ನೋಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

* * *

ರಂಝಾನ್ ಬಂತು.

ಹಬ್ಬದ ಬಟ್ಟೆಯ ಗದ್ದಲ. ಸೋಮವಾರದ ಸಂತೆಯ ದಿನವಂತೂ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಸಂಜೆ ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲು ಹಾಜಿಯವರು ತಾವೇ ನೆಲದ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದರು. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು. ಉಪವಾಸವಿಲ್ಲದ ಗೋದಾವರಿಯಕ್ಕನಿಗೂ ಅಲ್ಲಿ ಜಾಗ ಇತ್ತು. ಅವರು ಕೂರದೆ ಹಾಜಿಯವರು ಖರ್ಜೂರ ಮುಟ್ಟುತ್ತಿರಲಿಲ್ಲ. ವರ್ಷವಿಡೀ ನಿಂತೇ ಇರುವ ಅಂಗಡಿ ಆ ಒಂದು ಹೊತ್ತು ಮಾತ್ರ ಒಟ್ಟಿಗೆ ಕೂರುತ್ತಿತ್ತು.

ಕಲ್ಲಂಗಡಿಯ ತುಂಡುಗಳ ತಟ್ಟೆ ಕೈಯಿಂದ ಕೈಗೆ ದಾಟಿ ಬರುತ್ತಿತ್ತು. ಅಸ್ಕರ್ ತನ್ನ ಪಾಲಿನ ನಡುವಿನ ಕೆಂಪು ತುಂಡನ್ನು ಮುಟ್ಟದೆ ಮುಂದಕ್ಕೆ ಕಳುಹಿಸುತ್ತಿದ್ದ. ಅದು ಕೊನೆಗೆ ಯಾರ ಮುಂದೆ ಬಂದು ನಿಲ್ಲುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಆದರೆ ಉಪವಾಸ ಬಿಡುವ ಹೊತ್ತಿನ ದುವಾದಲ್ಲಿ ಅವಳು ಕೇಳಿಕೊಳ್ಳುತ್ತಿದ್ದದ್ದು ಒಂದೇ... ಈ ಅಂಗಡಿ, ಈ ಬಿಳಿ ಬಟ್ಟೆ, ಆ ಮನುಷ್ಯ. ಇದು ಹೀಗೇ ಇರಲಿ.

ಹೀಗೇ ಇರಬೇಕಾದರೆ ಅವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದು ಅವಳಿಂದಾಗುವ ಕೆಲಸವಲ್ಲ.

ಒಂದು ಸಂಜೆ ಅವಳು ಗಮನಿಸಿದಳು. ಅಂಗಡಿಯವರೆಲ್ಲ ಕೂತಿದ್ದಾರೆ, ಗಿರಾಕಿಗಳು ಕಾಯುತ್ತಿದ್ದಾರೆ, ಒಬ್ಬರೂ ಎದ್ದು ಹೋಗಿಲ್ಲ. ಹಬ್ಬ ಕಳೆದ ಮೇಲೆ ಅದನ್ನೇ ಹಾಜಿಯವರ ಮುಂದಿಟ್ಟಳು. ಕೂತವರನ್ನು ಕಂಡು ಯಾರೂ ಓಡಿಹೋಗುವುದಿಲ್ಲ, ಎಲ್ಲರಿಗೂ ಒಂದೊಂದು ಸ್ಟೂಲು ಕೊಡಿ, ಕೇರಳದಲ್ಲಿ ಇದಕ್ಕೆ ಕಾನೂನೇ ಉಂಟು ಎಂದಳು. ಹಾಜಿಯವರು ನಕ್ಕು, ಇದು ಪುತ್ತೂರು ಎಂದರು. ಮತ್ತೆ ಕೇಳಿದಾಗ ನಗಲಿಲ್ಲ.

ಅದಾಗಿ ಕೆಲವು ದಿನ. ಮಧ್ಯಾಹ್ನ. ಹಾಜಿಯವರು ನಮಾಜಿಗೆ ಹೋಗಿದ್ದರು. ಸುಹಾನಾ ಗಂಟಿನ ಮೇಲೆ ಕೂತು, ಗೋದಾವರಿಯಕ್ಕನ ಕಾಲನ್ನು ಮಡಿಲಲ್ಲಿಟ್ಟು ನೋವಿನ ಎಣ್ಣೆ ಉಜ್ಜುತ್ತಿದ್ದಳು. ಕೆಮ್ಮು ಬರುತ್ತದೆ ಎಂಬ ಧೈರ್ಯ ಇತ್ತು.

ಕೆಮ್ಮು ಬರಲಿಲ್ಲ. ತಲೆ ಎತ್ತಿದರೆ ಎದುರಿಗೆ ಹಾಜಿಯವರೇ ನಿಂತಿದ್ದರು!

ಹಾಜಿಯವರ ಮುಖ ಕೆಂಪಾಗಿತ್ತು. ಮಾರುವ ಮಾಲಿನ ಮೇಲೆ ಕೂರುವುದೆಂದರೆ ಅನ್ನದ ಮೇಲೆ ಕೂತ ಹಾಗೆ ಎಂದರು. ಗೋದಾವರಿಯಕ್ಕ ನಡುಗುತ್ತ ಎದ್ದು ನಿಂತರು. ಅವರನ್ನು ಬೈಯಬೇಡಿ, ಕರೆದುಕೊಂಡು ಬಂದವಳು ನಾನು, ಸ್ಟೂಲು ಇದ್ದಿದ್ದರೆ ಮಾಲಿನ ಮೇಲೆ ಯಾರೂ ಕೂರುತ್ತಿರಲಿಲ್ಲ ಎಂದು ಸುಹಾನಾ ನಿಂತಲ್ಲೇ ಹೇಳಿಬಿಟ್ಟಳು.

“ಕೂರ್ಲೇಬೇಕು ಅಂತ ಇರುವವರಿಗೆ ಮನೆಯಲ್ಲಿ ಜಾಗ ಉಂಟು,” ಎಂದರು ಹಾಜಿಯವರು.

ಆಗ ಅವಳು ಅವರ ಹೆಗಲಾಚೆ ನೋಡಿದಳು. ಧಣಿಗಳ ಹಿಂದೆ, ಅವರ ಜೊತೆಗೇ ಬಂದವನಂತೆ, ಅಸ್ಕರ್ ನಿಂತಿದ್ದ. ತಲೆ ಬಗ್ಗಿಸಿದ್ದ. ಒಂದು ಮಾತು... ಒಂದೇ ಒಂದು ಮಾತು ಆಡಲಿ ಎಂದು ಅವಳ ಜೀವ ಕಾದಿತು. ಅವನು ತುಟಿ ಎರಡು ಮಾಡಲಿಲ್ಲ.

ಸುಹಾನಾ ಬುತ್ತಿಯ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ಬಸ್‌ಸ್ಟ್ಯಾಂಡಿನವರೆಗೂ ಅಳಲಿಲ್ಲ. ಬೆಳ್ಳಾರೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತ ಮೇಲೆ ತಡೆಯಲಾಗಲಿಲ್ಲ.

ಒಂದು ವಾರ ಕಳೆದು, ಅಂಗಡಿಯ ಮೇಲ್ಮಾಳಿಗೆಯ ಉಸ್ತುವಾರಿ ಅಸ್ಕರನಿಗೆ ಸಿಕ್ಕಿತು ಎಂದು ಅಲ್ಲಿನ ಹುಡುಗಿಯೊಬ್ಬಳು ಹೇಳಿದಳು. ಸುಹಾನಾಗೆ ಎಲ್ಲ ಅರ್ಥವಾದಂತಾಯಿತು. ಚಾಡಿ ಹೇಳಿದ್ದಕ್ಕೆ ಸಿಕ್ಕ ಇನಾಮು! ಇಷ್ಟು ದಿನ ಕೆಮ್ಮಿದ್ದೆಲ್ಲ ನಾಟಕವಾ? ಕಲ್ಲಂಗಡಿಯ ತುಂಡೂ ನಾಟಕವಾ?

ಅವನ ಹೆಸರಿನಿಂದ ‘ಒಂದು ವಿಷಯ ಹೇಳಲಿಕ್ಕುಂಟು’ ಎಂಬ ಮೆಸೇಜು ಬಂತು. ಅವಳು ಓದಿ ಮುಗಿಸುವ ಮೊದಲೇ ಆ ನಂಬರನ್ನು ಬ್ಲಾಕ್ ಮಾಡಿದಳು.

* * *

ಮನೆಯಲ್ಲಿ ಕೂತವಳು ಸುಮ್ಮನೆ ಕೂರಲಿಲ್ಲ. ತಾಯಿ ಹೊಲಿಯುವ ನೈಟಿಗಳಿಗೆ ಮುಂದೆ ಅಗಲವಾದ ಕಿಸೆ ಇಡಿಸಿದಳು. ಚಿತ್ರ ಹಿಡಿದು ಸ್ಟೇಟಸ್ ಹಾಕಿದಳು. ಆ ಮೊದಲ ದಿನದ ಅಜ್ಜಿಯ ಹಾಗೆ ಕಿಸೆಗಾಗಿ ಅಂಗಡಿ ಅಂಗಡಿ ಅಲೆಯುವವರು ಊರು ತುಂಬ ಇದ್ದರು. ಫೋನು ಇಡಲು, ಕೀಲಿಕೈ ಇಡಲು, ಯಾರಿಗೂ ಕಾಣದಂತೆ ಎರಡು ಚಾಕಲೇಟು ಇಡಲು... ಕಿಸೆ ಯಾವ ಹೆಣ್ಣಿಗೆ ಬೇಡ? ಆರ್ಡರುಗಳು ಬಂದವು. ಇನ್ನೊಂದು ಮಷಿನು ಬಂತು. ಮುಂದಿನ ವರ್ಷದ ಮಳೆ ಮುಗಿಯುವ ಹೊತ್ತಿಗೆ ಬೆಳ್ಳಾರೆ ಪೇಟೆಯಲ್ಲಿ ಒಂದು ಸಣ್ಣ ಕೋಣೆ ಬಾಡಿಗೆಗೆ ಸಿಕ್ಕಿತು.

ಆದರೂ ಮಧ್ಯಾಹ್ನದ ಬಾಂಗ್ ಕೇಳಿದಾಗ ಅವಳ ಕಿವಿ ತನಗರಿವಿಲ್ಲದೆ ಇನ್ನೊಂದು ಸದ್ದಿಗಾಗಿ ಕಾಯುತ್ತಿತ್ತು. ಇಲ್ಲಿ ಕೆಮ್ಮುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಕಾಯುತ್ತಿತ್ತು. ರಂಝಾನಿನಲ್ಲಿ ಮನೆಯಲ್ಲಿ ಕಲ್ಲಂಗಡಿ ಕೊಯ್ದಾಗ ನಡುವಿನ ತುಂಡನ್ನು ಮಾತ್ರ ಅವಳು ತಿನ್ನುತ್ತಿರಲಿಲ್ಲ. ನೆಬೀಸ ಇದನ್ನು ಗಮನಿಸಿದ್ದರು. ತಾಯಿಯಾದವಳು ಎಲ್ಲವನ್ನೂ ಕೇಳಿಯೇ ತಿಳಿಯಬೇಕೆಂದೇನಿಲ್ಲ.

ಅಂಗಡಿ ತೆರೆಯುವ ಹಿಂದಿನ ದಿನ ಗೋದಾವರಿಯಕ್ಕ ಬಂದರು. ಬೆಳ್ಳಾರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತಂತೆ. ಸುಹಾನಾ ಮೊದಲು ನೋಡಿದ್ದು ಅವರ ಕಾಲನ್ನು. ಚಪ್ಪಲಿಯ ಪಟ್ಟಿ ಸಡಿಲವಾಗಿತ್ತು.

“ಊತ ಇಳಿದಿದೆಯಲ್ಲ ಅಕ್ಕ?”

“ಇಳಿಯದೆ ಎಂತ ಮಗಾ? ಈಗ ಎಲ್ರಿಗೂ ಸ್ಟೂಲು ಉಂಟಲ್ಲ. ಅಸ್ಕರ್ ಹೇಳ್ಲಿಲ್ವಾ?”

ಸುಹಾನಾ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು. ಅವನ ನಂಬರನ್ನು ಬ್ಲಾಕ್ ಮಾಡಿದ್ದೇನೆ ಎಂದಳು. ಗೋದಾವರಿಯಕ್ಕ ಅವಳ ಮುಖವನ್ನೇ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ಎಲ್ಲ ಹೇಳಿದರು.

ಆ ಮಧ್ಯಾಹ್ನ ಅಸ್ಕರ್ ಚಾಡಿ ಹೇಳಲು ಹೋಗಿರಲಿಲ್ಲ. ಅಂಗಡಿಯಲ್ಲಿ ಎಲ್ಲರೆದುರು ಕೇಳಿದರೆ ಧಣಿಗಳಿಗೆ ಅವಮಾನವಾದೀತು ಎಂದು, ಅವರ ಜೊತೆಗೇ ನಮಾಜಿಗೆ ಹೋಗಿ, ಮಸೀದಿಯ ಹೊರಗೆ ಸ್ಟೂಲಿನ ಮಾತೆತ್ತಿದ್ದ. ಒಪ್ಪಿಸುವ ಭರದಲ್ಲಿ, ಹೇಗೂ ಹುಡುಗಿಯರು ಗಂಟಿನ ಮೇಲೆ ಕೂರುತ್ತಾರೆ, ಅದರ ಬದಲು ಸ್ಟೂಲೇ ಕೊಡಿ ಎಂದುಬಿಟ್ಟ. ಹಾಜಿಯವರ ಕಿವಿಗೆ ಗಂಟು ಮಾತ್ರ ಬಿತ್ತು, ಸ್ಟೂಲು ಬೀಳಲಿಲ್ಲ. ಅಲ್ಲಿಂದಲೇ ದಾಪುಗಾಲು ಹಾಕಿ ಹೊರಟರು. ಒಳ್ಳೆಯದು ಮಾಡಲು ಹೋದವನು ಬಾಗಿಲ ಕಾವಲನ್ನೇ ಬಿಟ್ಟು ಹೋಗಿದ್ದ.

“ಉಸ್ತುವಾರಿ?” ಸುಹಾನಾಳ ದನಿ ಸಣ್ಣದಾಗಿತ್ತು.

ಅದು ಹಬ್ಬಕ್ಕೆ ಮೊದಲೇ ಮಾತಾಗಿದ್ದದ್ದು ಎಂದರು ಗೋದಾವರಿಯಕ್ಕ. ಅವಳು ಹೋದ ದಿನದಿಂದ ಅವನು ಅಂಗಡಿಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಚಹಾ ನಿಂತೇ, ಊಟ ನಿಂತೇ. ಧಣಿಗಳು ನೋಡಿಯೂ ನೋಡದಂತಿದ್ದರು. ಮತ್ತೆ ರಂಝಾನ್ ಬಂತು. ಬಿಳಿ ಬಟ್ಟೆ ಹಾಸಿತ್ತು, ಎಲ್ಲರೂ ಕೂತಿದ್ದರು. ಬಾಂಗ್ ಆಯಿತು. ಅಸ್ಕರ್ ಮಾತ್ರ ಕೈಯಲ್ಲಿ ನೀರಿನ ಲೋಟ ಹಿಡಿದು ಗೋಡೆಯ ಬದಿ ನಿಂತಿದ್ದ.

ನಿಂತು ನೀರು ಕುಡಿಯಬಾರದು ಎಂದು ಅವನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟವರಿದ್ದರು. ಉಪವಾಸ ಬಿಡುವ ನೀರನ್ನಂತೂ ಯಾರೂ ಹಾಗೆ ಕುಡಿಯುವುದಿಲ್ಲ. ಹಾಜಿಯವರು ಕೂತು ಕುಡಿ ಮಗನೇ ಎಂದರು. ಆಗ ಅವನು, ಅವರೆದುರು ಒಂದು ದಿನವೂ ದನಿ ಎತ್ತದವನು, ಬಾಯಿ ಬಿಟ್ಟ.

“ಈ ಹುಡುಗಿಯರು ದಿನವಿಡೀ ನಿಂತೇ ನೀರು ಕುಡಿಯುದು ಧಣಿಗಳೇ. ನಾನೊಬ್ಬ ಕೂತು ಕುಡಿಯುದು ಹೇಗೆ?”

ಹಾಜಿಯವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರಂತೆ. ಆಮೇಲೆ ಎದ್ದು ಬಂದು ಅವನ ಭುಜ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮಾರನೆಯ ದಿನ ಆಟೋದಲ್ಲಿ ಸ್ಟೂಲುಗಳು ಬಂದವು. ಆ ಹುಡುಗಿ ಹೋದಳು, ಅವಳು ಬುತ್ತಿಯೊಟ್ಟಿಗೆ ತಂದ ಪ್ರಶ್ನೆಯನ್ನು ಮಾತ್ರ ಇಲ್ಲೇ ಬಿಟ್ಟು ಹೋದಳು ಎಂದು ಹಾಜಿಯವರು ಈಗಲೂ ಹೇಳುತ್ತಾರಂತೆ.

ಗೋದಾವರಿಯಕ್ಕ ಹೊರಟ ಮೇಲೆ ಸುಹಾನಾ ಫೋನು ತೆಗೆದಳು. ಬ್ಲಾಕ್ ತೆಗೆದಳು. ಏನು ಬರೆಯಲಿ? ಕ್ಷಮಿಸಿ ಎನ್ನಲಾ? ಬನ್ನಿ ಎನ್ನಲಾ? ಯಾವ ಮುಖ ಇಟ್ಟುಕೊಂಡು? ಬರೆದಳು, ಅಳಿಸಿದಳು. ಕೊನೆಗೆ ಎಲ್ಲರಿಗೂ ಹಾಕುವ ಹಾಗೆ ಸ್ಟೇಟಸ್ ಹಾಕಿದಳು. ನಾಳೆ ಬೆಳಿಗ್ಗೆ ನಮ್ಮ ಅಂಗಡಿ ಶುರು, ಎಲ್ಲರೂ ಬನ್ನಿ.

ನೋಡಿದವರ ಪಟ್ಟಿಯಲ್ಲಿ ಸ್ವಲ್ಪ ಹೊತ್ತಿಗೆ ಅವನ ಹೆಸರು ಬಂತು. ಮೆಸೇಜು ಬರಲಿಲ್ಲ.

* * *

ಬೆಳಿಗ್ಗೆ ಶಟರು ಎತ್ತುವಾಗ ಅವಳ ಕಣ್ಣು ಉರಿಯುತ್ತಿತ್ತು. ನಿದ್ದೆ ಎಲ್ಲಿ ಬಂದಿತ್ತು? ಒಳಗೆ, ಪರದೆಯ ಹಿಂದೆ, ನೆಬೀಸ ಆಗಲೇ ಹೊಲಿಗೆ ಶುರು ಮಾಡಿದ್ದರು. ಸುಹಾನಾ ಊದಿನಕಡ್ಡಿ ಹಚ್ಚಿದಳು. ನೈಟಿಗಳ ಮಡಿಕೆ ಸರಿಮಾಡಿದಳು. ಬೋಣಿ ಯಾರದ್ದೋ ಎಂದು ಅವಳು ಯೋಚಿಸುತ್ತಿದ್ದಾಗ ಜಗಲಿಯ ಕಡೆಯಿಂದ ಒಂದು ಸದ್ದು ಬಂತು.

ಕೆಮ್ಮು.

ಅವಳು ತಿರುಗಲಿಲ್ಲ. ತಿರುಗಿದರೆ ಯಾರೂ ಇಲ್ಲದಿದ್ದರೆ?

ಮತ್ತೊಮ್ಮೆ ಕೆಮ್ಮು ಕೇಳಿತು. ಈ ಸಲ ತಿರುಗಿದಳು. ಅಸ್ಕರ್ ನಿಂತಿದ್ದ. ಸ್ವಲ್ಪ ಬಡಕಲಾಗಿದ್ದ. ಕೊರಳಲ್ಲಿ ಟೇಪು ಇರಲಿಲ್ಲ. ಕೈಯಲ್ಲಿ ಪೇಪರು ಸುತ್ತಿದ ಒಂದು ಮರದ ಸ್ಟೂಲಿತ್ತು. ಉಪ್ಪಿನಂಗಡಿಯ ತನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ಅದನ್ನು ಹೊತ್ತು ತಂದವನ ಅಂಗಿಯೆಲ್ಲ ಮುದುಡಿತ್ತು.

ಸ್ಟೂಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಅವನೇ ಮೊದಲು ಕೇಳಿದ.

“ಒಂದು ಕರ್ಚೀಫು ಉಂಟಾ?”

ಸುಹಾನಾಗೆ ನಗುವೂ ಅಳುವೂ ಒಟ್ಟಿಗೆ ಬಂತು. “ಇಲ್ಲ. ಇದು ಹೆಂಗಸರ ಅಂಗಡಿ. ಎದುರಿನ ಅಂಗಡಿಯಲ್ಲಿ ಉಂಟು.”

“ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುದಾ?”

ಪರದೆಯ ಹಿಂದೆ ಹೊಲಿಗೆ ಮಷಿನಿನ ಸದ್ದು ನಿಂತಿತು.

ಸುಹಾನಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಗೋದಾವರಿಯಕ್ಕ ಎಲ್ಲ ಹೇಳಿದ್ದಾರೆ, ಕೇಳದೆ ತೀರ್ಮಾನ ಮಾಡಿದ್ದು ತನ್ನ ತಪ್ಪು ಎಂದಳು. ಅವನು ತಲೆಯಾಡಿಸಿದ.

“ನಿಮ್ಮ ತಪ್ಪು ಅರ್ಧ. ಗಂಟಿನ ವಿಷಯ ಬಾಯಿ ತಪ್ಪಿ ಬಂದದ್ದು. ಆದರೆ ಆ ದಿನ ನೀವು ನನ್ನನ್ನು ನೋಡಿದ್ರಲ್ಲ, ಆಗ ಸುಮ್ಮನಿದ್ದದ್ದು ಬಾಯಿ ತಪ್ಪಿ ಅಲ್ಲ. ಹೆದರಿಕೆ. ಅಪ್ಪ ಹೋದ ಮೇಲೆ ನನಗೆ ಅನ್ನ ಕೊಟ್ಟವರು ಧಣಿಗಳು. ಎಲ್ಲರ ಮುಂದೆ ಅವರೆದುರು ಬಾಯಿ ಬಿಡ್ಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ನಿಮಗೆ ಒಂದು ದಿನ ಸಾಕಿತ್ತು.”

“ನಾನು ಹೋದದ್ದು. ನೀವು ಉಳಿದದ್ದು,” ಎಂದಳು ಅವಳು ಮೆಲ್ಲಗೆ. “ಗೋದಾವರಿಯಕ್ಕನ ಕಾಲು ವಾಸಿಯಾದದ್ದು ನೀವು ಉಳಿದದ್ದರಿಂದ.”

ಹೊರಗೆ ಸುಳ್ಯದ ಬಸ್ಸು ಬಂದು ನಿಂತು ಹೊರಟುಹೋಯಿತು. ಅಸ್ಕರ್ ಸ್ಟೂಲಿನ ಪೇಪರು ಬಿಡಿಸುತ್ತ, ಅವಳ ಮುಖ ನೋಡದೆ, ಹೇಳಬೇಕಾದ್ದನ್ನು ಹೇಳಿದ.

“ನನಗೆ ನಿಮ್ಮ ಮೇಲೆ ಮನಸ್ಸುಂಟು. ಕೆಮ್ಮಲಿಕ್ಕೆ ಶುರು ಮಾಡಿದ ದಿನದಿಂದ ಉಂಟು. ಶುಕ್ರವಾರ ನನ್ನ ಉಮ್ಮನನ್ನು ನಿಮ್ಮ ಮನೆಗೆ ಹೆಣ್ಣು ಕೇಳ್ಲಿಕ್ಕೆ ಕರ್ಕೊಂಡು ಬರ್ಲಾ? ಬೇಡ ಅಂದ್ರೆ ಸ್ಟೂಲು ಇಟ್ಟು ಹೋಗ್ತೇನೆ. ಅದು ಅಂಗಡಿಗೆ ತಂದದ್ದು.”

ಇವನು ನನ್ನವನು... ಅಲ್ಲಾಹನೇ, ಇವನು ಆಗಲೂ ನನ್ನವನೇ ಆಗಿದ್ದ!

ಅವಳು ಮುಂದೆ ಬಂದು ಅವನ ಕೈಯಿಂದ ಸ್ಟೂಲು ತೆಗೆದುಕೊಂಡಳು. ಅಂಗಡಿಯ ನಡುವೆ, ಬೆಳಕು ಬೀಳುವ ಕಡೆ ಇಟ್ಟಳು. ಒಳಗಿನಿಂದ ಒಂದು ಲೋಟ ನೀರು ತಂದಳು.

“ಕೂತ್ಕೊಳ್ಳಿ,” ಎಂದಳು. “ಕೂತು ಕುಡಿಯಿರಿ.”

ಅವನ ಕಣ್ಣು ತುಂಬಿ ಬಂತು. ಕೂತ. ಬಿಸ್ಮಿಲ್ಲಾ ಎಂದು ಒಂದೊಂದೇ ಗುಟುಕು ಕುಡಿದ. ಪರದೆಯ ಹಿಂದೆ ಮಷಿನು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಖಾಲಿ ಲೋಟ ಹಿಡಿದುಕೊಂಡು ಅವನು ತಲೆ ಎತ್ತಿದ. “ನೀವು ನಿಂತೇ ಇದ್ದೀರಲ್ಲ. ಸ್ಟೂಲು ಒಂದೇ ಉಂಟು.”

ಸುಹಾನಾ ಲೋಟ ವಾಪಸು ತೆಗೆದುಕೊಂಡಳು.

“ಶುಕ್ರವಾರ ಉಮ್ಮನೊಟ್ಟಿಗೆ ಬರುವಾಗ ಇನ್ನೊಂದು ತನ್ನಿ.”